ಹದಿಮೂರನೇ ಕಂತು

ಮೊದಲನೇ ಕಂತಿನಾಗ ಹುಡುಗಿ ಕೆರ್‍ಯಾಗ ಬೀಳ್ತಾಳ.
ಸಿಯೋಲ್ ಊರಿನ ಆಫೀಸಿನಾಕಿ, ಕೊರಳಾಗ ಗುರುತಿನ ಚೀಟಿ.
ಎದ್ದು ನೋಡಿದ್ರ ಆರ್ನೂರು ವರ್ಷ ಹಿಂದ,
ದಂಡಿ ಮ್ಯಾಲೆ ರಾಜಕುಮಾರ, ಮಳಿ, ಕಾಗದದ ಛತ್ರಿ.

"ಕೂದ್ಲಾ ಅಷ್ಟ ಲಗೂ ಹೆಂಗ ಒಣಗಿದ್ವು?"
ಮೊದಲನೇ ತಪ್ಪು ಹಿಡದಾಕಿ ನಮ್ಮತ್ತಿ, ನೀಲಗಂಗವ್ವ.

ನವನಗರ, ಸೆಕ್ಟರ್ ಮೂವತ್ತೊಂದು, ಊಟಾದ ಮ್ಯಾಲೆ.
ತೊಡಿ ಮ್ಯಾಲೆ ಇಳಕಲ್ ಸೀರಿ, ಫಾಲ್ ಹಚ್ಚಬೇಕು,
ನಾಳಿಗೆ ಆರು ಕೊಡಾವು ಅದಾವ.
ಫೋನು ಸಕ್ಕರಿ ಡಬ್ಬಿಗೆ ಆನಿಸಿಟ್ಟೀನಿ.
ಕೆಳಗ ಇಂಗ್ಲಿಷ್ ಅಕ್ಷರ ಓಡ್ತಾವ,
ಅವನ್ನ ನೋಡಿದ್ರ ಸೂಜಿ ಬೆರಳಿಗೆ,
ಸೂಜಿ ನೋಡಿದ್ರ ಮಾತು ಹೋತು.
ಅರ್ಧಾ ಓದಿ ಅರ್ಧಾ ಕಟ್ಟಿ ಅತ್ತಿಗೆ ಹೇಳ್ತೀನಿ.
ಹಿಂಗಾಗಿ ರಾಜಕುಮಾರ ಬಾಗಲಕೋಟಿ ಮಾತಾಡ್ತಾನ:
"ಊಟಾತೇನು?" ಅಂತಾನ, "ಯಾಕ ಮಾರಿ ಬಾಡೇತಿ?" ಅಂತಾನ.
ಅಂವ ಹಂಗ ಅಂದಾನೋ ಇಲ್ಲೋ.
ಅನ್ನೂವಂಥ ಮಾರಿ ಐತಿ.

ತಪ್ಪು ಭಾಳ ಅದಾವ, ನಾನೂ ಒಪ್ತೀನಿ.
ಐದರಿಂದ ಒಂಬತ್ತರ ತನಕ ಕತಿ ಮುಂದ ಸರಿಯಂಗಿಲ್ಲ,
ಮೂರು ಮಂತ್ರಿಗಳು ಒಂದ ಪಡಸಾಲ್ಯಾಗ ಕುಂತು
ಒಂದ ಪಿತೂರಿ ಮಾಡ್ತಾರ, ಗಡ್ಡ ಸವರಕೋತ.
ಹುಡುಗಿ ಇತಿಹಾಸ ಓದಿದಾಕಿ ಅಂತ,
ಯಾರು ಯಾರನ್ನ ಕೊಲ್ತಾರ ಅನ್ನೂದಷ್ಟ ನೆನಪಿಲ್ಲ.
ಆರು ತಿಂಗಳು ಅರಮನ್ಯಾಗ ಇದ್ದಾಕಿ
ಮುಟ್ಟಾಗ್ಲಿಲ್ಲ, ಹಲ್ಲು ನೋಯ್ಲಿಲ್ಲ, ತುಟಿ ಬಣ್ಣ ಅಳೀಲಿಲ್ಲ.
"ಇವ್ರ ಮನಿಗೆ ನೀರ ತರಾವ್ರು ಯಾರು?"
ಯಾರೂ ಇಲ್ಲತ್ತಿ. ಕೊಡಪಾನ ತಾವ ತುಂಬಿರತಾವ.
"ಹಂಗಾರ ಅದು ಹಿಂದಿನ ಕಾಲಲ್ಲ ಬಿಡು," ಎಲಿಗೆ ಸುಣ್ಣ ಹಚ್ಚತಾಳ.
"ಇಪ್ಪತ್ತು ವರ್ಷ ಹೊಳಿಗೆ ನಾ ಹೋದೆ,
ಆಮ್ಯಾಲೆ ಹೊಳೀನ ಮನಿಗೆ ಬಂತು."

ಹಂಗಂದ್ರೂ ಎದ್ದು ಹೋಗಂಗಿಲ್ಲ.

ಹದಿಮೂರನೇ ಕಂತಿನಾಗ
ಆಕಿ ಹೊಳ್ಳಿ ಹೋಗಾಕಿ ಅಂತ ಅವಂಗ ಗೊತ್ತಾಗೇತಿ.
ಇರು ಅನ್ನಂಗಿಲ್ಲ. ಪ್ರೀತಿ ಅನ್ನೂ ಮಾತ ಎತ್ತಂಗಿಲ್ಲ.
ಹೆಬ್ಬಾಗಿಲ ಕಂಬಕ್ಕ ಆಕಿನ್ನ ನಿಂದ್ರಸ್ತಾನ,
ನೆತ್ತಿಗೆ ಸರಿಯಾಗಿ ಚಾಕುಲೆ ಒಂದು ಗೆರಿ ಕೊರೀತಾನ.
ಅಷ್ಟ. ಸಂಗೀತ ಬಂದ್ ಆಗಿರತೈತಿ.
ಕಟಗಿ ಪುಡಿ ಆಕಿ ಹೆಗಲ ಮ್ಯಾಲೆ ಉದುರತೈತಿ,
ಅಂವ ಝಾಡಸಂಗಿಲ್ಲ, ನೋಡ್ತಾನ.

ಸೂಜಿ ಬಿಟ್ಟೆ ನಾನು.
ಅತ್ತಿಗೆ ಏನೂ ಹೇಳೂದು ಬರಲಿಲ್ಲ.

ಎಷ್ಟೋ ಹೊತ್ತಿಗೆ ಅಂದ್ಳು: "ನಮ್ಮ ಕಂಬಕ್ಕೂ ಎಳದಿದ್ರು,
ಆಫೀಸಿನವ್ರು, ಕೆಂಪ ಬಣ್ಣದಾಗ.
ಇಲ್ಲಿ ತನಕ ನೀರ ಬರತೈತಿ ಅಂದ್ರು.
ಅವ್ರು ಹ್ವಾದ ಮ್ಯಾಲೆ ನಾ ಹೋಗಿ ನಿಂತು ನೋಡಿದೆ.
ನನ್ನ ನೆತ್ತಿಗಿಂತ ಒಂದು ಗೇಣು ಮ್ಯಾಲಿತ್ತು.
ನಿಮ್ಮ ಮಾವ ಹಿಂದ ನಿಂತಿದ್ರು. ಏನೂ ಅನ್ನಲಿಲ್ಲ."

ಕಡೀ ಕಂತು ಕೆಟ್ಟೈತಿ. ಅವಸರದಾಗ ಮುಗಿಸ್ಯಾರ.
ಆಕಿ ತನ್ನ ಕಾಲಕ್ಕ ಬಂದು ಸಿಗ್ನಲ್‌ನ್ಯಾಗ ನಿಂತಿರ್ತಾಳ,
ಎದುರಿಗೆ ಅವನ ಮಾರಿಯವ ಒಬ್ಬಾಂವ, ಕೋಟು, ಟೈ.
ನಗ್ತಾನ. ಹಾಡು ಬರತೈತಿ. ಮುಗೀತು.
ನಂಗ ಕಣ್ಣಾಗ ನೀರ ಬಂದದ್ದು ಖರೆ, ಸುಳ್ಳ ಯಾಕ ಹೇಳ್ಲಿ.

ಅತ್ತಿ ಮಾತ್ರ ಸಿಟ್ಟಿಗೆದ್ಲು:
"ಮಾರಿ ಒಂದ ಇದ್ರ ಅವನ ಆದಾನೇನು?
ಇದಕ್ಕೂ ಬಾಗಲಕೋಟಿ ಅಂತಾರ."

ಹನ್ನೊಂದೂವರಿ ಆಗಿತ್ತು. ಹೊರಗ ಸೆಕ್ಟರಿನ ನಾಯಿ ಬೊಗಳತಿದ್ವು.
ನೋಡಿದ್ರ ಒಂದು ಸೀರಿಗೆ ಫಾಲ್ ಉಲ್ಟಾ ಹಚ್ಚಿಬಿಟ್ಟೀನಿ,
ಪೂರಾ ಬಿಚ್ಚಬೇಕು.
ಕತ್ತರಿ ಹುಡುಕೂದ್ರಾಗ ಅತ್ತಿ ಫೋನು ನನ್ನ ಕಡೆ ದೂಡಿದ್ಲು:
"ಆ ಕಂಬದ್ದು ಇನ್ನೊಮ್ಮೆ ಹಚ್ಚು. ಈ ಸಲ ಏನೂ ಹೇಳಬ್ಯಾಡ."
ಹಚ್ಚಿದೆ. ಬಿಚ್ಚಕೋತ ಕುಂತೆ.