ಮೇ ಮೂವತ್ತೊಂದರ ಐಸು

ಬೈತಖೋಲ್ ಬಂದರಿಗೆ ತಾಗಿ ಅಪ್ಪನ ಐಸ್ ಫ್ಯಾಕ್ಟರಿ.
ನಾಳೆಯಿಂದ ಎರಡು ತಿಂಗಳು ದೋಣಿ ಬಂದ್ ಎನ್ನುವ ಸಂಜೆ
ಉಳಿದ ಕೊನೆಯ ಗಡ್ಡೆಯನ್ನು ಉಮಾಕಾಂತ
ಎತ್ತಿ ಜೆಟ್ಟಿಯ ಕಲ್ಲಿಗೆ ಅಪ್ಪಳಿಸಿದ.
ಅಂಗೈಯಗಲದ ತುಂಡು: ಅವನು ಚೀಪಿ ನನಗೆ,
ನಾನು ಚೀಪಿ ಅವನಿಗೆ.
ಬಂಗಡೆಯ ವಾಸನೆ, ಒಳಗೊಂದು ಎಳೆ ಗೋಣಿನಾರು.
ಆಗಷ್ಟೇ ಎಂಟನೆಯ ತರಗತಿ; ಒಂದೇ ಬೆಂಚು.

ನಾಲ್ಕನೆಯ ದಿನ ಇಬ್ಬರಿಗೂ ಗಂಟಲು.

ನನ್ನದನ್ನು ಅದೇ ಸಂಜೆ ಟಾರ್ಚು ಬಿಟ್ಟು ನೋಡಿದರು.
"ಆ ಅನ್ನು." ಅಂದೆ.
ಹತ್ತು ದಿನದ ಗುಳಿಗೆ.
ಮೂರಕ್ಕೇ ಹುಷಾರಾಗಿ ಒಲ್ಲೆನೆಂದು ಹಟ ಹಿಡಿದರೆ
ಅಮ್ಮ ಬಾಳೆಹಣ್ಣಿನೊಳಗೆ ಹುದುಗಿಸಿ ನುಂಗಿಸಿದಳು,
ಹತ್ತನೆಯ ದಿನದ ತನಕ.

ಅವನಿಗೆ ಉಪ್ಪುನೀರು.
ದೋಣಿ ತಾಡಪಾಲಿನ ಕೆಳಗೆ,
ಶೇವಂತಿಬಾಯಿಯ ಮೀನುಬುಟ್ಟಿ ಬೋರಲು.
ಅಕ್ಕಿಯಂಗಡಿಯ ಉದ್ದರಿ ವಹಿಯಲ್ಲಿ ಮಳೆಗಾಲ ಕಳೆಯುವ ಮನೆಗೆ
ಗಂಟಲು ಒಂದು ಕಾಯಿಲೆಯಲ್ಲ.
ಅವನೂ ಹುಷಾರಾದ, ಮೂರನೇ ದಿನಕ್ಕೇ.
ಮೋಸ ಇರುವುದು ಇಲ್ಲೇ.
ಮೂರನೇ ದಿನ ನಾವಿಬ್ಬರೂ ಸರಿಸಮ,
ಗಾಳಿಮಳೆಯಲ್ಲಿ ಕೂಗುತ್ತ ಶಾಲೆಗೆ ಓಡಿದೆವು.

ಆಮೇಲೆ ಮೊಣಕಾಲು ಊದಿತು. ಬಲದ್ದು. ಅದು ಇಳಿದು ಎಡದ್ದು.
"ಬೆಳೆಯೋ ಹುಡುಗ," ಎಂದು ಶೇವಂತಿಬಾಯಿ
ಬಿಸಿಯೆಣ್ಣೆ ತಿಕ್ಕಿದಳು.
ನಾನೂ ಬೆಳೆಯುತ್ತಿದ್ದೆ.
ನನ್ನ ಮೊಣಕಾಲು ಸುಮ್ಮನಿತ್ತು.

ಹತ್ತನೆಯ ತರಗತಿಯ ಓಟ.
ಕೋಡಿಬಾಗದ ತಿರುವಿನವರೆಗೆ ಅವನೇ ಮುಂದೆ,
ಗಾಳಿಮರಗಳ ಹತ್ತಿರ ಕುಕ್ಕರಗಾಲಲ್ಲಿ ಕೂತುಬಿಟ್ಟ.
ಸೋಗು ಎಂದುಕೊಂಡು ದಾಟಿ ಹೋದೆ.
ಆ ಕಪ್ಪು ಇನ್ನೂ ನಮ್ಮ ಟಿವಿಯ ಮೇಲಿದೆ.

ಕಾಳಿ ಸೇತುವೆ ದಾಟಿ, ಗಡಿ ದಾಟಿ, ಬಾಂಬೋಳಿ ಆಸ್ಪತ್ರೆ.
ಹೋದದ್ದು ನಮ್ಮ ಕಾರಿನಲ್ಲಿ;
ಡೀಸೆಲ್ಲಿನ ಲೆಕ್ಕ ಅಪ್ಪ ಬರೆದಿಡಲಿಲ್ಲ,
ಅಷ್ಟು ಒಳ್ಳೆಯವರು ನಾವು.
ಪರದೆಯ ಮೇಲೆ ಅವನ ಹೃದಯ.
ಕವಾಟ ಅಂದರೆ ಕದ, ಅಷ್ಟು ಗೊತ್ತಿತ್ತು ನನಗೆ;
ಇದು ಚಿಲಕ ಬೀಳದ ಕದ,
ಪ್ರತಿ ಬಡಿತಕ್ಕೂ ಒಂದಿಷ್ಟು ರಕ್ತ ಬಂದ ದಾರಿಗೇ ವಾಪಸು.
"ಮನೆತನದಲ್ಲಿ ಯಾರಿಗಾದರೂ ಹೃದಯದ ಕಾಯಿಲೆ?"
ಶೇವಂತಿಬಾಯಿ ಬೆರಳು ಮಡಚಿ ನೆನೆದಳು:
ಮಾವ ಕಡಲಲ್ಲಿ, ಗಂಡ ಕುಡಿದು, ಮೈದುನ ಕಾಮಾಲೆಯಲ್ಲಿ.
"ಇಲ್ಲ ಸಾಯ್ಬಾ. ಅಂಥಾದ್ದು ಯಾರಿಗೂ ಇಲ್ಲ."
ಡಾಕ್ಟರು ಇಲ್ಲ ಎಂದು ಬರೆದುಕೊಂಡರು.

ಈಗ ಇಪ್ಪತ್ತೊಂದು ದಿನಕ್ಕೊಮ್ಮೆ ಅವನಿಗೆ ಸೂಜಿ.
ಚೀಟಿಯ ಮೇಲಿನ ಹೆಸರು ಓದಿದೆ:
ನನ್ನ ಬಾಳೆಹಣ್ಣಿನ ಗುಳಿಗೆಯದೇ ಕುಲ,
ತಡವಾಗಿ ಬಂದ ದಾಯಾದಿ.
ಚುಚ್ಚಿಸಿಕೊಂಡು ಕುಂಟುತ್ತ ಬಂದು
ಫ್ಯಾಕ್ಟರಿಯ ಕಟ್ಟೆಗೆ ಒಂದೇ ಕುಂಡೆ ಊರಿ ಕೂರುತ್ತಾನೆ.
ಇವತ್ತು ಮತ್ತೆ ಮೇ ಮೂವತ್ತೊಂದು.
"ಒಡೀತಿಯೇನೋ?" ಎಂದ.

ಒಡೆದೆ. ಈ ಸಲ ಎರಡು ತುಂಡು, ಬೇರೆ ಬೇರೆ.
ಎರಡನ್ನೂ ಒಮ್ಮೆ ನೋಡಿ ಅವನು
ದೊಡ್ಡದನ್ನು ನನ್ನ ಕಡೆ ಸರಿಸಿದ.