ಎಂಟೂ ಹತ್ತರ ವ್ಯಾನು

ಸೀಟು ಕಿತ್ತ ದಿನ ಅಡಿಯಲ್ಲಿ ಸಿಕ್ಕಿದ್ದು:
ಹನ್ನೊಂದು ರಬ್ಬರು, ಒಂಟಿ ಕಾಲ್ಗೆಜ್ಜೆ,
ಮಗ್ಗಿ ಪುಸ್ತಕದಿಂದ ಹರಿದ ಹದಿನೇಳರ ಹಾಳೆ,
ಯಾರದೋ ಹಾಲುಹಲ್ಲು, ಕಾಗದದಲ್ಲಿ ಮಡಿಸಿದ್ದು.
ಇವರು ಅದನ್ನು ಸ್ಟೇರಿಂಗ್ ಪಕ್ಕದ ಗೂಡಿಗೆ ಹಾಕಿ
"ಇರಲಿ, ಕೇಳಿಕೊಂಡು ಬಂದರೆ?" ಅಂದರು.
ಆ ಹುಡುಗ ಈಗ ಎಲ್ಲೋ ಗಡ್ಡ ಹೆರೆದುಕೊಳ್ಳುತ್ತಿರಬೇಕು.

ಇಪ್ಪತ್ತಾರು ವರ್ಷ
ಗವಿಪುರದಿಂದ ಚಾಮರಾಜಪೇಟೆ,
ಚಾಮರಾಜಪೇಟೆಯಿಂದ ಗವಿಪುರ.
ಅಷ್ಟೂ ಕಿಲೋಮೀಟರು ನೆಟ್ಟಗೆ ಓಡಿದ್ದರೆ
ಯಾವ ಸಮುದ್ರಕ್ಕೆ ಬೀಳುತ್ತಿದ್ದೆವೋ!
ಹೋಗಿದ್ದು ಮಾತ್ರ ಐದನೇ ಕ್ರಾಸಿನವರೆಗೆ.

ಕಾಟನ್‌ಪೇಟೆಯ ಹಾಸಿಗೆ, ಎರಡು ಕೊಡ ನೀರು,
ಒಂದೇ ಬರ್ನರಿನ ಸ್ಟವ್, ಕಿಟಕಿಗೆ ನನ್ನ ಹಳೇ ಸೀರೆ.
ಬಿಳಿ ಬಣ್ಣ ಬಳಿಸಿದ್ದಾಯಿತು.
ಬಾಗಿಲ ಸಂದಿಯಲ್ಲಿ ಹಳದಿ ಇನ್ನೂ ಇಣುಕುತ್ತಿತ್ತು.

ಗೊರಗುಂಟೆಪಾಳ್ಯದಲ್ಲೇ ಒಂದು ಗಂಟೆ.
ಪ್ರವಾಸದ ಮೊದಲ ಕಾಫಿ ಅಲ್ಲೇ ಕಾಯಿಸಿ
ಹಿಂದಿನ ಲಾರಿಯವನಿಗೂ ಒಂದು ಲೋಟ ಕೊಟ್ಟೆ.
"ಎಲ್ಲಿಗಮ್ಮಾ?" ಅಂದ.
"ಗೊತ್ತಿಲ್ಲ" ಅಂದೆ.
ಎಷ್ಟು ಚೆನ್ನಾಗಿತ್ತು ಆ ಮಾತು, ನಾಲಿಗೆಯ ಮೇಲೆ.

ಶಿರಾ ದಾಟಿದ್ದೇ ಆಕಾಶ ತನ್ನ ಪಾಡಿಗೆ ತಾನು ಅಗಲವಾಯಿತು.
ಆಮೇಲೆ ಸೂರ್ಯಕಾಂತಿ,
ಸಾವಿರ ಮುಖ, ಒಂದೇ ಕಡೆ.
"ಪ್ರಾರ್ಥನೆಗೆ ನಿಂತಂಗವೆ" ಎಂದು ಇವರು
ವ್ಯಾನು ಮೆಲ್ಲಗೆ ಬಿಟ್ಟರು, ಶಾಲೆ ಮುಂದೆ ಬಿಡುವ ಹಾಗೆ.

ಚಿತ್ರದುರ್ಗದ ಕೋಟೆಯ ಕೆಳಗೆ ರಾತ್ರಿಯೆಲ್ಲ
ಗಾಳಿ ಬಾಗಿಲು ಹಿಡಿದು ಜಗ್ಗುತ್ತಿತ್ತು
ಕಿಟಕಿ ಸೀಟೇ ಬೇಕೆನ್ನುವ ಒಂದನೇ ಕ್ಲಾಸಿನವನಂತೆ.
ಬೆಳಿಗ್ಗೆ ಎಂಟೂ ಹತ್ತಕ್ಕೆ ಸರಿಯಾಗಿ
ಇವರ ಕೈ ತಾನೇ ತಾನಾಗಿ ಹಾರನ್ನಿಗೆ ಹೋಯಿತು.
ಎರಡು ಸಲ. ಸಣ್ಣದು.
ಬತೇರಿಯಿಂದ ಕೋತಿಗಳು ಇಳಿದು ಬಂದವು,
ಸಾಲಾಗಿ.

ಬಾದಾಮಿಯ ಹೊಂಡದ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ.
"ಮನಿ ಎಲ್ಲೈತಿ ಯವ್ವಾ?" ಅಂದಳು ಪಕ್ಕದಾಕೆ.
ಸೋಪಿನ ಕೈಯಲ್ಲಿ ವ್ಯಾನು ತೋರಿಸಿದೆ.
ನೋಡಿದಳು, ಸೆರಗು ಹಿಂಡಿದಳು,
"ಹಿತ್ತಲ ಎಲ್ಲೈತಿ ಮತ್ತ?"
ನಾನು ಕೆಂಪು ಬಂಡೆಯ ಕಡೆ ಕೈ ಮಾಡಿದೆ.
ಇಬ್ಬರೂ ನಕ್ಕು ನಕ್ಕು
ಒಗೆದ ಟವೆಲ್ಲು ತೇಲಿಹೋಗಿದ್ದು ತಿಳಿಯಲಿಲ್ಲ.

ವಿಜಯಪುರ. ಗೋಲಗುಮ್ಮಟ.
ಹತ್ತಿ ಬಂದವರೆಲ್ಲ ಕೂಗುವವರೇ:
ತಮ್ಮ ಹೆಸರು, ತಮಗೆ ಬೇಕಾದವರ ಹೆಸರು.
ಇವರು ಅತ್ತಿತ್ತ ನೋಡಿ, ನಾಚಿ,
ಗೋಡೆಗೆ ಬಾಯಿ ಹತ್ತಿರ ತಂದು ಅಂದಿದ್ದು,
"ಬೇಗ ಬಾ ಪುಟ್ಟೀ, ಟೈಮಾಯ್ತು."
ಏಳು ಸಲ ವಾಪಸು ಬಂತು.
ಮೊದಲಿನದು ಇವರದೇ ದನಿ.
ಏಳನೆಯದು ಯಾರದೋ, ತೀರಾ ಎಳೆಯದು.

ನಮಗೆ ಮಕ್ಕಳಿಲ್ಲ ಎಂದು
ಇದುವರೆಗೆ ನಾನು ಹೇಳಲಿಲ್ಲ, ಅಲ್ಲವೇ?
ಹೇಳಲು ಬಿಡುವೆಲ್ಲಿತ್ತು,
ದಿನಾ ಹದಿನಾಲ್ಕು ಜನರ ಊಟದ ಬ್ಯಾಗು ಎಣಿಸಬೇಕಿತ್ತು.

ತಿರುಗಿ ಬಂದಾಗ ನಡುರಾತ್ರಿ.
ನಮ್ಮ ಗೇಟಿನ ಮುಂದೆ ಯಾರದೋ ಕಾರು.
ಮೂರು ಸುತ್ತು ಹೊಡೆದು, ಜಾಗ ಸಿಗದೆ,
ಕೆಂಪಾಂಬುಧಿ ಕೆರೆಯ ಪಕ್ಕ ನಿಲ್ಲಿಸಿ
ಅಲ್ಲೇ ಮಲಗಿದೆವು, ಬೀಗದ ಕೈ ಸೊಂಟದಲ್ಲೇ ಇತ್ತು.

ಬೆಳಗಿನ ಜಾವ ಸೀರೆಯ ಪರದೆ ಸರಿಸಿ
ನಿದ್ದೆಗಣ್ಣಲ್ಲಿ ಇವರು,
"ಇದ್ಯಾವ ಊರಿನ ಗೋಪುರ, ಮುನಿಲಕ್ಷ್ಮೀ?
ಚೆನ್ನಾಗಿದೆ."

ಬಂಡೆ. ಅದರ ಮೇಲೆ ಕಲ್ಲುಕಂಬ.
ಅದರ ಮೇಲೆ ಊರಿಗಿಂತ ಹಳೆಯದೆನಿಸುವ ಒಂದು ಕಾಗೆ.
ಕೆಂಪೇಗೌಡರ ಗಡಿಗೋಪುರ ಕಣ್ರೀ,
ಇದರೆದುರಿಗೇ ನೀವು ಇಪ್ಪತ್ತಾರು ವರ್ಷ ರಿವರ್ಸ್ ತೆಗೆದದ್ದು.
ಆಗ ನೋಡುತ್ತಿದ್ದುದು ಕನ್ನಡಿಯೊಳಗೆ, ಪಾಪ,
ಯಾವ ಮಗು ಹಿಂದೆ ನಿಂತಿದೆಯೋ ಎಂದು.

ಹೇಳಲಿಲ್ಲ ನಾನು.
ಯಾರೋ ಗಾಜು ತಟ್ಟಿದರು. ಹಾಲಿನ ಹುಡುಗ.
"ಯಾವ ಕಡೆಯಿಂದ ಬಂದ್ರಿ ಸಾರ್?"
ಇವರು ನನ್ನ ಮುಖ ನೋಡಿದರು.
ನಾನು ಸ್ಟವ್ ಹಚ್ಚಿದೆ, ಮೂರು ಲೋಟ ಇಟ್ಟೆ.
ಎಂಟೂ ಹತ್ತಕ್ಕೆ ಇನ್ನೂ ಬಹಳ ಹೊತ್ತಿತ್ತು.