ಎಡಗೈ ಆಮೆ

ಬೈತಕೋಲದ ಶೆಡ್ಡಿನಲ್ಲಿ, ಐಸ್ ಫ್ಯಾಕ್ಟರಿಯ ಹಿಂದೆ,
ನನ್ನ ಮೇಜಿನ ಮೇಲೆ ಎರಡು ಪ್ರಾಣಿ.
ಬಲಗೈಗೆ ಮೌಸು, ಎಲ್ಲರಿಗೂ ಇರುವ ಇಲಿ.
ಎಡಗೈಗೆ ಈ ಕಪ್ಪು ಆಮೆ:
ಹರಿದಾಡುವುದಿಲ್ಲ, ಕಿಟಕಿಯಾಚೆಯ ಕೂರ್ಮಗಡದ ಹಾಗೆ
ಕೂತಲ್ಲೇ ಕೂತಿರುತ್ತದೆ.
ಅಡಿಗೆ ಕಬ್ಬಿಣದ ಭಾರ, ಮೇಲೆ ರಬ್ಬರಿನ ಟೊಪ್ಪಿ.
ಕೂದಲೆಳೆಯಷ್ಟು ಒತ್ತಿದರೆ
ಅರವತ್ತು ಅಡಿಯ ಟ್ರಾಲರು
ಪರದೆಯೊಳಗೆ ಮೂತಿ ತಿರುಗಿಸುತ್ತದೆ.

ಮೊದಲ ವಾರ ನನಗೆ ವಾಂತಿ.
ನಗಬೇಡಿ. ತಾಂಡೇಲರ ಮನೆಯ ಹುಡುಗಿ,
ಆಗಸ್ಟಿನ ಅಲೆಗೂ ಬಾಯಿ ಹುಳಿಯಾಗದವಳು,
ಕುರ್ಚಿಯಲ್ಲಿ ಕೂತು ಕಡಲಬೇನೆ ಹತ್ತಿಸಿಕೊಂಡೆ.
ಹತ್ತಿರ ಎಳೆದರೆ ದೂರ ಸರಿಯಿತು,
ಎತ್ತಿದರೆ ಮುಳುಗಿತು,
ಸ್ವಲ್ಪ ಮುಂದೆ ನೂಕಿದ್ದೇ ತಡ
ದೋಣಿಯ ಹೊಟ್ಟೆ ಹೊಕ್ಕು
ಪಕ್ಕೆಲುಬುಗಳ ನಡುವೆ ದಾರಿ ತಪ್ಪಿ
ಆಚೆ ಬದಿಗೆ ಬಿದ್ದಿದ್ದೆ,
ಒಂದು ಬೋಲ್ಟೂ ತಾಗದೆ.

ಆಮೇಲೆ ತಿಳಿಯಿತು, ಸೆಟ್ಟಿಂಗಿನೊಳಗೆ
ಸಣ್ಣ ಅಕ್ಷರದ ಪ್ರಶ್ನೆಯೊಂದಿದೆ:
ತಿರುಗುವುದು ವಸ್ತುವೋ, ನೋಡುವ ಕಣ್ಣೋ?
ವಸ್ತು, ಎಂದೆ.
ತಲೆ ನಿಂತಿತು. ಸಂಬಳವೂ ನಿಂತಿತು ಕೈಯಲ್ಲಿ.

ಪುರ್ಸು ಮೇಸ್ತರು ಬಂದದ್ದು ಒಂದು ಶನಿವಾರ.
ಮರದ ಕೆಲಸ ನಿಂತ ಮೇಲೆ
ಫೈಬರಿನ ಧೂಳಿಗೆ ಬರುವವರಲ್ಲ.
ಮೂತಿಯ ಬಾಗು ಯಾಕೋ ಕೂಡುತ್ತಿಲ್ಲವೆಂದು
ಧನಿಗಳೇ ಕರೆಸಿದ್ದು.

"ಇದೆಂತದೇ ತಂಗಿ, ಭರಣಿ ಮುಚ್ಚಳವಾ?"
"ಕೈ ಇಡಿ ಮೇಸ್ತರೇ. ಮೆಲ್ಲಗೆ."

ಬಾಚಿ ಹಿಡಿದ ಕೈಗೆ ಮೆಲ್ಲಗೆ ಎಂದರೆ ಬೇರೆಯೇ ಲೆಕ್ಕ.
ದೋಣಿ ಗಿರಕಿ ಹೊಡೆದು
ಬೋರಲಾಗಿ ನಿಂತಿತು, ಅಡಿಮರ ಆಕಾಶಕ್ಕೆ.
ಕೆಂಡ ಮುಟ್ಟಿದವರಂತೆ ಕೈ ಕಿತ್ತುಕೊಂಡರು.
"ಕವುಚಿ ಬಿತ್ತಲ್ಲೇ!"
"ಬರೀ ಚಿತ್ರ. ಅಲ್ಲಿ ನೀರಿಲ್ಲ."
"ದೋಣಿ ಇದ್ದಲ್ಲಿ ನೀರು ಇದ್ದ ಹಾಗೇ."

ನೆಟ್ಟಗೆ ಮಾಡಲು ಹೋದೆ; ಬೇಡ, ಇರಲಿ, ಎಂದರು.
ಜ್ಯೇಷ್ಠದಲ್ಲಿ ದಡಕ್ಕೆಳೆದು ಕವುಚುತ್ತಿದ್ದರಂತೆ,
ಅಡಿಗೆ ಗೇರೆಣ್ಣೆ ಬಳಿಯಲು,
ತೆಂಗಿನ ದಿಮ್ಮಿ ಕೊಟ್ಟು, ನಲವತ್ತು ಜನ.
ಮೊದಲು ಕಾಯಿ ಒಡೆದು
ಅದರ ಕಿವಿಯಲ್ಲಿ ಹೇಳಬೇಕು:
ಮಗ್ಗುಲು ಬದಲಿಸ್ತೇವೆ, ಹೆದರಬೇಡ.
ದೋಣಿಗೆ ಕಿವಿ ಎಲ್ಲಿ ಎಂದು ನಾನು ಕೇಳಲಿಲ್ಲ.
ಆ ನಲವತ್ತು ಹೆಗಲಿನ ಭಾರ
ಈ ರಬ್ಬರಿನೊಳಗೆ ಎಲ್ಲಿ ಹೋಯಿತೆಂದು
ಅವರೂ ಕೇಳಲಿಲ್ಲ.

ಮತ್ತೆ ಕೈ ಇಟ್ಟರು. ಈ ಸಲ ಬೆರಳ ತುದಿ ಮಾತ್ರ,
ಮಲಗಿದ ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ.
ಟ್ರಾಲರು ಇಂಚಿಂಚೇ ಮಗ್ಗುಲಾಯಿತು.
ಅಡಿಗೆರೆ ಮೂತಿಗೆ ಏರುವಲ್ಲಿ ತಡೆದರು.
"ಇಲ್ಲಿ. ಇದು ಒಂದು ಗೆರೆ ಅಲ್ಲ.
ಎರಡು ಗೆರೆ ಸುಳ್ಳು ಹೇಳಿ ಕೂಡಿದ್ದು."

ಜೀಬ್ರಾ ಪಟ್ಟೆ ಹಾಕಿ ನೋಡಿದೆ.
ಅವರು ತೋರಿಸಿದಲ್ಲಿ ಪಟ್ಟೆ ನುಣ್ಣಗೆ ಹರಿದಿತ್ತು.
ಮುರಿದಿದ್ದು ಒಂದು ಗೇಣು ಹಿಂದೆ.
"ನಿನ್ನ ಆಮೆ ಒಂದು ಗೇಣು ಸುಳ್ಳು," ಎಂದರು,
ನಾಚಿಕೆಯಿಲ್ಲದೆ, ಬೀಡಿ ಕಿವಿಯಿಂದ ತೆಗೆಯುತ್ತ.

ಬಾಗಿಲಲ್ಲಿ ನಿಂತು ಕೇಳಿದರು:
"ತಿರುಗಿದ್ದು ಅದಾ, ನಾವಾ?"
ಸೆಟ್ಟಿಂಗಿನ ಕತೆ ಹೇಳಿದೆ. ಎರಡೂ ಆಗುತ್ತದೆ ಎಂದೆ.
ದೇವಗಡದ ದೀಪ ಸರಿಯುವುದನ್ನು ಕಂಡು
ಸರಿಯುತ್ತಿರುವುದು ತಾನು ಎಂದು ಬಲ್ಲ ಮನುಷ್ಯ.
"ಹಂಗಾರೆ ಕಣ್ಣಿಗೆ ಹಾಕು," ಎಂದರು.
"ದೋಣಿಗೆ ಯಾಕೆ ತ್ರಾಸು? ನೀನೇ ಸುತ್ತು."

ಹಾಕಿದೆ. ಮತ್ತೆ ನಾಲ್ಕು ದಿನ ವಾಂತಿ,
ಎಡ ಬಲವಾಗಿ, ಬಲ ಎಡವಾಗಿ,
ಧನಿಗಳ ಬೈಗುಳ ಬೇರೆ.
ದೋಣಿ ಮಾತ್ರ ದಿಮ್ಮಿಯ ಮೇಲೆ ಕೂತಂತೆ ಅಲುಗಲಿಲ್ಲ;
ನಾನೇ ಸುತ್ತಿದೆ, ಬಗ್ಗಿದೆ, ಹಿಂದೆ ಸರಿದು ಒಂದು ಕಣ್ಣು ಮುಚ್ಚಿದೆ.
ಐದನೆಯ ದಿನ, ಊಟದ ಹೊತ್ತಿಗೆ,
ಅಡಿಮರದ ಕೆಳಗೆ ಹಾದುಹೋಗುವಾಗ
ತಲೆ ತಾಗೀತೆಂದು
ಕುರ್ಚಿಯಲ್ಲೇ ತಲೆ ತಗ್ಗಿಸಿದೆ.